ಹುಟ್ಟುಹಬ್ಬಕ್ಕೆ ಹಿನ್ನೀರಾ, ತಲಕಾಡಾ, ತೊಣ್ಣೂರು-ಬಲಮುರಿನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತೊಣ್ಣೂರು ಕೆರೆ ಮತ್ತು ಬಲಮುರಿ ಜೋಡಿಗೆ.

ನನ್ನದೂ ನಮ್ಮನೆಯವರದ್ದೂ ಹುಟ್ಟುಹಬ್ಬ ಏಪ್ರಿಲ್‌ನಲ್ಲಿ, ಹತ್ತಿರ ಹತ್ತಿರ ಬರುತ್ತವೆ. ಎರಡನ್ನೂ ಸೇರಿಸಿ ಒಂದು ವೀಕೆಂಡ್ ಎಲ್ಲಾದರೂ ಹೋಗುವುದು ನಮ್ಮ ರೂಢಿ. ಮೈಸೂರಿನ ಏಪ್ರಿಲ್ ಬಿಸಿಲಲ್ಲಿ ಬೇಕಾಗುವುದು ಎರಡೇ. ಕೂತು ನೋಡುವುದಕ್ಕೆ ಒಂದಷ್ಟು ನೀರು, ಇಳಿದು ನೆನೆಯುವುದಕ್ಕೆ ಒಂದಷ್ಟು ನೀರು. ಅವರಿಗೆ ಈಜು ಬರುತ್ತದೆ. ನನಗೆ ಬರುವುದಿಲ್ಲ, ಮೊಣಕಾಲುದ್ದ ನೀರಲ್ಲಿ ಹಾಯಾಗಿ ಕೂರುವುದೇ ನನ್ನ ಈಜು. ನಮ್ಮ ಹತ್ತಿರ ಇರುವುದು ಸ್ಕೂಟರ್, ಕಾರಲ್ಲ. ಇಷ್ಟು ತಿಳಿದುಕೊಂಡು ಮುಂದೆ ಓದಿ.

ಕೆಆರ್‌ಎಸ್ ಹಿನ್ನೀರಿನ ದಂಡೆಯಲ್ಲಿ ಒಂದು ರೆಸಾರ್ಟ್. ಹೆಸರು ಬೇಡ. ಫೋಟೋದಲ್ಲಿ ಬಾಲ್ಕನಿಯ ಕೆಳಗೇ ನೀರು, ಕಣ್ಣು ಹೋದಷ್ಟು ದೂರ ನೀರು. 'ಲೇಕ್ ವ್ಯೂ' ರೂಮಿಗೆ ರಾತ್ರಿಗೆ 8,500 ರೂಪಾಯಿ. ಮಾಮೂಲಿ ಗಾರ್ಡನ್ ರೂಮಿಗಿಂತ 2,500 ಜಾಸ್ತಿ. ಹುಟ್ಟುಹಬ್ಬ ಅಲ್ವಾ, ಕೊಟ್ಟೆವು. ರೂಮ್ ಬಾಯ್ ಪರದೆ ಸರಿಸಿದ. ಎದುರಿಗೆ ಬಯಲು. ಒಣಹುಲ್ಲು, ಮೇಯುತ್ತಿದ್ದ ಎಮ್ಮೆಗಳು, ಅದರಾಚೆ ಯಾರೋ ಸೌತೆ ಬಳ್ಳಿ ಹಾಕಿದ್ದ ಒಂದು ತುಂಡು ನೆಲ, ಅದರಾಚೆ ಬೂದು ಬಣ್ಣದ ಕೆಸರು. "ನೀರೆಲ್ಲಪ್ಪಾ?" ಎಂದು ಕೇಳಿದೆ. ಬೆರಳು ತೋರಿಸಿದ. ದೂರದಲ್ಲಿ ಬಿಸಿಲಿಗೆ ಮಿಂಚುವ ಒಂದು ಗೆರೆ. "ಆಗಸ್ಟಲ್ಲಿ ಬನ್ನಿ ಮೇಡಂ, ಇಲ್ಲೇ ಕಾಲಡಿಗೇ ಬರುತ್ತೆ" ಎಂದ.

ಸಂಜೆ ಬಿಸಿಲು ತಗ್ಗಿದ ಮೇಲೆ ಆ ಗೆರೆಯವರೆಗಾದರೂ ಹೋಗಿಬರೋಣ ಎಂದು ಹೊರಟೆವು. ಮೊದಮೊದಲು ಗಟ್ಟಿ ನೆಲ. ಬಿರುಕು ಬಿಟ್ಟು, ಸುಟ್ಟ ಹಪ್ಪಳದ ಹಾಗೆ ಅಂಚು ಮೇಲೆದ್ದ ಮಣ್ಣು. ಬಿರುಕಿನೊಳಗೆ ಸಣ್ಣ ಸಣ್ಣ ಚಿಪ್ಪು, ಒಂದು ಹರಿದ ಮೀನುಬಲೆಯ ಚೂರು. ಮುಂದೆ ಮುಂದೆ ಹೋದ ಹಾಗೆ ನೆಲ ಮೇಲೆ ಮಾತ್ರ ಒಣಗಿತ್ತು, ಒಳಗೆ ಪೂರ್ತಿ ಕೆಸರು. ಇವರ ಎಡಗಾಲು ಮೀನಖಂಡದವರೆಗೆ ಹೂತುಹೋಯಿತು. ಎಳೆದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಕೈ ಹಾಕಿ ತಡಕಿದಾಗ ಸಿಕ್ಕಿದ್ದು ಬಾರು ಮಾತ್ರ. ಅಲ್ಲಿಂದಲೇ ವಾಪಸ್. ನೀರು ಮುಟ್ಟಲೂ ಇಲ್ಲ.

ರಿಸೆಪ್ಷನ್‌ನಲ್ಲಿ ಕೇಳಿದೆ, ಲೇಕೇ ಇಲ್ಲದ ಮೇಲೆ ಆ 2,500 ಯಾವ ಲೆಕ್ಕ ಅಂತ. "ರೂಮು ಲೇಕ್ ಕಡೆಗೇ ಇದೆಯಲ್ಲ ಮೇಡಂ" ಎಂದರು. ತರ್ಕ ಸರಿಯಾಗಿಯೇ ಇತ್ತು! ಸುಮಾರು ಹೊತ್ತು ಮಾತಾದ ಮೇಲೆ ಎರಡು ಗ್ಲಾಸ್ ಕಲ್ಲಂಗಡಿ ಜ್ಯೂಸ್ ಫ್ರೀ ಕಳಿಸಿದರು.

ಮಂಡ್ಯದಲ್ಲಿರುವ ನಮ್ಮ ಮಾವನವರಿಗೆ ಫೋನಲ್ಲಿ ಹೇಳಿದರೆ ನಕ್ಕಿದ್ದೇ ನಕ್ಕಿದ್ದು. "ಏನವ್ವ, ತೊಂಬತ್ತು ಅಡಿಗೆ ಬಂದದೆ ನೀರು, ಅಲ್ಲೇನ್ ನೋಡಕ್ಕೋಗಿದ್ದೀರಿ?" ಬೆಳಗ್ಗೆ ಪೇಪರ್ ಕೈಗೆ ಬಂದರೆ ಅವರು ಮೊದಲು ಹುಡುಕುವುದು ಜಲಾಶಯದ ಮಟ್ಟದ ಆ ಪುಟ್ಟ ಚೌಕವನ್ನು. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಕೊಡಗಿನಲ್ಲಿ ಮುಂಗಾರು ಹಿಡಿದರೆ ಅಣೆಕಟ್ಟೆ ತುಂಬುತ್ತದೆ. ಆಮೇಲೆ ನಾಲೆಗೆ, ಕುಡಿಯುವುದಕ್ಕೆ, ಕೆಳಗಿನವರಿಗೆ ಎಂದು ಬಿಡುತ್ತಾ ಬಿಡುತ್ತಾ ಬೇಸಿಗೆಗೆ ನೂರಡಿಯ ಕೆಳಗೆ ಇಳಿಯುವುದು ಹೊಸದೇನಲ್ಲ. ಹಿನ್ನೀರಿನ ನೆಲ ಬಹಳ ಕಡೆ ಇಳಿಜಾರು ಕಡಿಮೆ. ಹಾಗಾಗಿ ಮಟ್ಟ ಕೆಲವೇ ಅಡಿ ಇಳಿದರೂ ನೀರಿನ ಅಂಚು ಎಲ್ಲೋ ಹೋಗಿಬಿಡುತ್ತದೆ. ಹಿಂದೆ ಇಂಥ ಬೇಸಿಗೆಗಳಲ್ಲೇ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಮೇಲೆ ಕಾಣಿಸುತ್ತಿತ್ತು. ಈಗ ಆ ಗುಡಿಯನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದಾರೆ. ಆ ಎರಡು ದಿನದಲ್ಲಿ ನಾವು ನೆಮ್ಮದಿಯಾಗಿ ನೀರು ನೋಡಿದ್ದು ಅಲ್ಲಿಂದಲೇ.

ರೆಸಾರ್ಟಿನ ಈಜುಕೊಳ: ನೈಲಾನ್ ಕಾಸ್ಟ್ಯೂಮ್ ಕಡ್ಡಾಯ, ನನ್ನ ಹತ್ತಿರ ಇದ್ದದ್ದು ಕಾಟನ್ ಚೂಡಿದಾರ್. ಕೇಕ್: ಹೊರಗಿನಿಂದ ತರುವಂತಿಲ್ಲ. ಊಟ: ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ತಲಕಾಡು ನಮಗೆ ಮೊದಲಿಂದ ಗೊತ್ತಿರುವ ಜಾಗ. ತಿ. ನರಸೀಪುರದ ಮೇಲೆ ಹೋದರೆ ಮೈಸೂರಿಂದ 50 ಕಿಲೋಮೀಟರ್ ಹತ್ತಿರ. ಬೇಸಿಗೆಯಲ್ಲಿ ಕಾವೇರಿ ಅಲ್ಲಿ ಮರಳಿನ ಮೇಲೆ ಸಣ್ಣಗೆ ಹರಿಯುತ್ತಾಳೆ, ನನ್ನಂಥವರಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ಭಾನುವಾರದ ಜನ! ಮೇಲಿಂದ ಹನ್ನೊಂದು ಗಂಟೆಯ ನಂತರ ಮರಳಲ್ಲಿ ಬರಿಗಾಲಲ್ಲಿ ನಡೆದು ನೋಡಿ, ಪಂಚಲಿಂಗ ದರ್ಶನದ ಪುಣ್ಯವೆಲ್ಲ ಬೈಗುಳದಲ್ಲೇ ಕಳೆದುಹೋಗುತ್ತದೆ. ಈಜು ಬರುವವರಿಗೆ ಒಂದು ಮಾತು. 'ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ' ಎನ್ನುವ ಅಲಮೇಲಮ್ಮನ ಶಾಪ ಕಥೆಯೇ ಇರಬಹುದು, ಮಡು ಮಾತ್ರ ನಿಜ. ಸಲೀಸಾಗಿ ಕಾಣುವ ನೀರಲ್ಲಿ ಒಂದು ಹೆಜ್ಜೆ ಆಚೆಗೆ ಆಳ ಇರುತ್ತದೆ. ಅಲ್ಲಿ ನನ್ನ ಗಮನವೆಲ್ಲ ಇವರು ಎಲ್ಲಿದ್ದಾರೆ ಎನ್ನುವುದರ ಮೇಲೇ ಇರುತ್ತದೆ. ಅದೆಂಥ ರಜೆ?

ಈಗ ನನ್ನ ಜೋಡಿ. ಶ್ರೀರಂಗಪಟ್ಟಣದ ಒಂದು ಲಾಡ್ಜಿನಲ್ಲಿ 1,600ಕ್ಕೆ ರೂಮು. ವ್ಯೂ ಏನೂ ಇಲ್ಲ, ಕಿಟಕಿ ತೆಗೆದರೆ ಪಕ್ಕದ ಮನೆಯ ನೀರಿನ ಟ್ಯಾಂಕ್. ಶನಿವಾರ ಬೆಳಗಾಗುವ ಮೊದಲೇ ಹೊರಟು, ಪಾಂಡವಪುರದಲ್ಲಿ ಇಡ್ಲಿ-ವಡೆ ಕಟ್ಟಿಸಿಕೊಂಡು, ಬಿಸಿಲೇರುವ ಹೊತ್ತಿಗೆ ತೊಣ್ಣೂರು ಕೆರೆ ಏರಿ ಮೇಲೆ ಇದ್ದೆವು. ಎರಡು ಬೆಟ್ಟದ ನಡುವೆ ಕೆರೆ. ಬತ್ತಿದ್ದನ್ನು ನಾನಂತೂ ನೋಡಿಲ್ಲ. ಅಂಚಿನ ಬಂಡೆ ಮೇಲೆ ಕೂತರೆ ನೀರಿನೊಳಗಿನ ಕಲ್ಲುಗಳು ಒಂದೊಂದಾಗಿ ಕಾಣುತ್ತವೆ, ಅದರ ಸಂದಿಯಲ್ಲಿ ಉಗುರುದ್ದದ ಮೀನುಮರಿಗಳು. 1746ರಲ್ಲಿ ಇಲ್ಲಿಗೆ ಬಂದ ನಿಜಾಮನ ಮಗ ನಾಸಿರ್ ಜಂಗ್ ಈ ತಿಳಿನೀರು ನೋಡಿಯೇ ಮೋತಿ ತಲಾಬ್ ಎಂದನಂತೆ. ಇಡ್ಲಿ ತಿಂದು, ಊರೊಳಗಿನ ನಂಬಿ ನಾರಾಯಣನ ಗುಡಿ ನೋಡಿದೆವು. ಹೊಯ್ಸಳರ ಕಾಲದ್ದು, ಒಳಗೆ ಕಾಲಿಟ್ಟರೆ ತಂಪು. ಕೇಕ್ ಕತ್ತರಿಸಿದ್ದು ಕೆರೆ ಏರಿ ಮೇಲೆ, ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಆದರೆ ತೊಣ್ಣೂರಿನಲ್ಲಿ ಈಜಬೇಡಿ. ಆಳ ಜಾಸ್ತಿ, ಮುಳುಗಿ ಸತ್ತವರಿದ್ದಾರೆ. ಅದು ನೋಡುವ ನೀರು. ನೆನೆಯುವುದಕ್ಕೆ ಮಾರನೇ ದಿನ ಬಲಮುರಿ. ಕಾವೇರಿಗೆ ಅಡ್ಡ ಕಟ್ಟಿದ ಗಿಡ್ಡ ಅಣೆ, ಬೇಸಿಗೆಯಲ್ಲಿ ಅದರ ಮೇಲಿಂದ ನೀರು ತೆಳ್ಳಗೆ ಇಳಿಯುತ್ತಿರುತ್ತದೆ. ಬೆನ್ನು ಕೊಟ್ಟು ಕೂತರೆ ಮಧ್ಯಾಹ್ನದವರೆಗೆ ಏಳುವ ಮನಸ್ಸಾಗುವುದಿಲ್ಲ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಒಡೆದ ಬಾಟಲಿ ಚೂರೂ ಇರುತ್ತದೆ, ಕಾಲಿಗೆ ಏನಾದರೂ ಹಾಕಿಕೊಂಡೇ ಇಳಿಯಿರಿ. ಹೆಂಗಸರಿಗೆ ಬಟ್ಟೆ ಬದಲಿಸುವುದು ಕಷ್ಟ. ಮೇಲೊಂದು ನೈಟಿ ಹಾಕಿಕೊಂಡು ಸುಧಾರಿಸಿದೆ. ಜನ ಇರುವ ಕಡೆಯೇ ಇಳಿಯಿರಿ, ರಂಗನತಿಟ್ಟು ದೂರವಿಲ್ಲ, ಅಲ್ಲಿನ ಮೊಸಳೆಗಳಿಗೆ ಗಡಿ ಗೊತ್ತಿಲ್ಲ. ದಡದಲ್ಲಿ ಕಾವಲಿ ಮೇಲೆ ಮೀನು ಕರಿಯುತ್ತಾರೆ. ಖಾರದ ಪುಡಿ ಮೆತ್ತಿ, ಅಂಚು ಗರಿಗರಿ ಆಗುವವರೆಗೆ ಬಿಟ್ಟು, ಮೇಲೆ ನಿಂಬೆಹಣ್ಣು ಹಿಂಡಿ ಪೇಪರ್ ತಟ್ಟೆಯಲ್ಲಿ ಕೊಟ್ಟರು. ಒದ್ದೆ ಬಟ್ಟೆಯಲ್ಲೇ ತಿಂದೆವು. ರೂಮು, ಪೆಟ್ರೋಲ್, ಕೇಕ್, ಮೀನು ಎಲ್ಲ ಸೇರಿ ಮೂರು ಸಾವಿರ ಚಿಲ್ಲರೆ.

ಇದು ಏಪ್ರಿಲ್ ಲೆಕ್ಕ. ಮಳೆಗಾಲಕ್ಕೆ ಎಲ್ಲ ತಿರುಗುಮುರುಗು. ಅಣೆಕಟ್ಟೆ ತುಂಬಿ ಗೇಟು ತೆಗೆದರೆ ಬಲಮುರಿಯ ಅಣೆ ಕಣ್ಣಿಗೇ ಕಾಣುವುದಿಲ್ಲ, ಹತ್ತಿರಕ್ಕೂ ಬಿಡುವುದಿಲ್ಲ. ಆಗ ಹಿನ್ನೀರಿನ ಬಾಲ್ಕನಿ ಫೋಟೋದಲ್ಲಿದ್ದ ಹಾಗೇ ಇರುತ್ತದೆ. ನನ್ನ ನಾದಿನಿಯ ಹುಟ್ಟುಹಬ್ಬ ಸೆಪ್ಟೆಂಬರ್‌ನಲ್ಲಿ. ಗಂಡ-ಹೆಂಡತಿ ಇಬ್ಬರಿಗೂ ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಏಳುವ ಅಭ್ಯಾಸವಿಲ್ಲ. ಅವಳಿಗೆ ಹಿನ್ನೀರಿನ ರೂಮನ್ನೇ ಹೇಳಿದ್ದೇನೆ. ದುಡ್ಡು ಕಟ್ಟುವ ಮೊದಲು ಪೇಪರಲ್ಲಿ ಮಟ್ಟ ನೋಡಿಕೊಂಡು, ಬಾಲ್ಕನಿಯಿಂದ ಅವತ್ತೇ ತೆಗೆದ ಫೋಟೋ ವಾಟ್ಸ್ಆ್ಯಪ್ ಮಾಡಿಸಿಕೋ ಎಂದೂ ಹೇಳಿದ್ದೇನೆ.