ನಮ್ಮ ಗುಂಡನಿಗೆ ಸಮುದ್ರ ನೊರೆ: ಒಂದು ವರ್ಷ ಕೊಟ್ಟು ನೋಡಿದ ಮೇಲೆ

ಸಾಕು ಆಮೆಗೆ ಕ್ಯಾಲ್ಸಿಯಂ ಏನು ಕೊಡ್ತೀರಿ ಅಂತ ಕೇಳಿದರೆ ನನ್ನ ಉತ್ತರ ಒಂದೇ, ಕಟಲ್‌ಬೋನ್. ಅದೂ ಹಕ್ಕಿ ಸಾಮಾನಿನ ಕಪಾಟಿನಲ್ಲಿ ಸಿಗುತ್ತದಲ್ಲ, ಬಣ್ಣ ರುಚಿ ಏನೂ ಸೇರಿಸದ ಇಡೀ ತುಂಡು, ಅದು. ಊರಲ್ಲಿ ನಾವು ಇದಕ್ಕೆ ಸಮುದ್ರ ನೊರೆ ಅಂತಿದ್ದೆವು. ನಾನು ಬೆಳೆದದ್ದು ಕುಂದಾಪುರದ ಕಡೆ. ಕಡಲ ದಂಡೆಯಲ್ಲಿ ಬೆಳ್ಳಗೆ, ಹಗುರವಾಗಿ ಬಿದ್ದಿರುತ್ತಿತ್ತು, ಆರಿಸಿ ತಂದು ಲವ್ ಬರ್ಡ್ಸ್ ಗೂಡಿಗೆ ಸಿಕ್ಕಿಸುತ್ತಿದ್ದೆವು. ಹೆಸರಲ್ಲಿ ನೊರೆ ಇದ್ದರೂ ಅದು ನೊರೆ ಅಲ್ಲ. ಬೊಂಡಾಸ್‌ಗೆ ಹತ್ತಿರದ ಕಟಲ್‌ಫಿಶ್ ಅನ್ನುವ ಜೀವಿಯ ಮೈಯೊಳಗಿನ ಚಿಪ್ಪು. ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್.

ಈಗ ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಗುಂಡ ಐದು ವರ್ಷದ ಹರ್ಮನ್ ಅನ್ನುವ ಜಾತಿಯ ನೆಲದ ಆಮೆ. ಮೈಕ್ರೋಚಿಪ್, ಇಂಥ ಸಂರಕ್ಷಿತ ಪ್ರಾಣಿಯನ್ನು ಮಾರಲು ಇಲ್ಲಿ ಬೇಕಾಗುವ ಆರ್ಟಿಕಲ್ 10 ಪ್ರಮಾಣಪತ್ರ ಎಲ್ಲಾ ಇದೆ. ಊರಿನಿಂದ ಓದುವವರಿಗೆ ಒಂದು ಮಾತು, ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಯಾರಾದರೂ ಮಾರಲು ಬಂದರೆ ದಯವಿಟ್ಟು ತಗೊಳ್ಳಬೇಡಿ.

ಮೊದಲು ನಾನು ಕೊಂಡದ್ದು ಆಮೆ ಆಕಾರದ ಕ್ಯಾಲ್ಸಿಯಂ ಬ್ಲಾಕ್. ಅಂಗಡಿಯವರೇ ಕೈಗೆ ಕೊಟ್ಟಿದ್ದು. ಎರಡು ತಿಂಗಳು ಅದನ್ನು ಗುಂಡ ಮೂಸಿಯೂ ನೋಡಲಿಲ್ಲ. ಆಮೇಲೆ ಲೇಬಲ್ ಓದಿದೆ. ಮೊದಲು ಬರೆದಿದ್ದದ್ದೇ ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಜಾತಿಯದ್ದು, ಜೊತೆಗೆ ಬಣ್ಣ. ಸೀದಾ ಕಸಕ್ಕೆ ಹಾಕಿದೆ.

ಕಟಲ್‌ಬೋನ್ ಇಟ್ಟಾಗಲೂ ಮೊದಲ ಎರಡು ವಾರ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಕರಕರ ಸದ್ದು. ಹೋಗಿ ನೋಡಿದರೆ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಕಚ್ಚಿದ ಗುರುತು! ಆವತ್ತಿನಿಂದ ಕೆಲವು ವಾರ ಮುಟ್ಟುವುದೇ ಇಲ್ಲ, ಕೆಲವು ವಾರ ಅರ್ಧ ತುಂಡು ಖಾಲಿ ಮಾಡುತ್ತಾನೆ, ಅದರಲ್ಲೂ ಚಳಿಗಾಲದ ನಿದ್ದೆ ಮುಗಿಸಿ ಎದ್ದ ಮೇಲೆ ಜಾಸ್ತಿ. ನನಗೆ ಇದರಲ್ಲಿ ಇಷ್ಟವಾಗಿದ್ದೇ ಇದು. ನಾನು ಅಳೆದು ತುರುಕುವುದಿಲ್ಲ, ಬೇಕೆನಿಸಿದಾಗ ಅವನೇ ಕಚ್ಚುತ್ತಾನೆ. ಕೊಕ್ಕೂ ಸವೆಯುತ್ತದೆ, ಹೋದ ಸಲ ಡಾಕ್ಟರ್ ನೋಡಿ ಕತ್ತರಿಸುವ ಅಗತ್ಯ ಇಲ್ಲ ಅಂದರು.

ಕೊಡುವ ಮೊದಲು ಹಿಂದುಗಡೆಯ ಗಟ್ಟಿ ಪದರವನ್ನು ಚಾಕುವಿನಿಂದ ಎಬ್ಬಿಸಿ ತೆಗೆದುಬಿಡಿ. ಅದು ಚೂಪಾಗಿ ಒಡೆಯುತ್ತದೆ. ಹಕ್ಕಿ ಗೂಡಿಗೆ ಅಂತ ಸಿಕ್ಕಿಸಿರುವ ಲೋಹದ ಕ್ಲಿಪ್ ಕೂಡ ಕಿತ್ತು ಎಸೆಯಿರಿ, ಆಮೆ ಅದನ್ನೂ ಬಾಯಿಗೆ ಹಾಕಬಹುದು. ದಂಡೆಯಲ್ಲಿ ಆರಿಸಿದ್ದಾದರೆ ಉಪ್ಪು ಬಿಡುವ ತನಕ ದಿನಾ ನೀರು ಬದಲಿಸಿ ನೆನೆಹಾಕಿ, ಆಮೇಲೆ ಒಣಗಿಸಿ.

ಅಮ್ಮ ಫೋನಿನಲ್ಲಿ ಕೇಳಿದರು, ಎಲೆ ಅಡಿಕೆಗೆ ಹಚ್ಚುವ ಸುಣ್ಣದಲ್ಲೂ ಕ್ಯಾಲ್ಸಿಯಂ ಇದೆ, ಒಂಚೂರು ಕೊಟ್ಟರೆ ಆಗಲ್ವಾ ಅಂತ. ಖಂಡಿತ ಬೇಡ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಬಾಯಿ ಗಂಟಲು ಸುಟ್ಟುಬಿಡುತ್ತದೆ. ಹಾಲೂ ಬೇಡ, ಆಮೆಗೆ ಅದು ಅರಗುವುದಿಲ್ಲ. ಕಟಲ್‌ಬೋನ್ ಸಿಗದಿದ್ದರೆ ಮೊಟ್ಟೆ ಸಿಪ್ಪೆ ತೊಳೆದು, ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿ ಸೊಪ್ಪಿನ ಮೇಲೆ ಒಂದು ಚಿಟಿಕೆ ಉದುರಿಸಿ, ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಕೊಂಡ ಪುಡಿಯಾದರೆ ಫಾಸ್ಫರಸ್ ಸೇರಿಸದ್ದನ್ನೇ ತಗೊಳ್ಳಿ. ಆಮೆಯ ಊಟದಲ್ಲಿ ಕ್ಯಾಲ್ಸಿಯಂ ಫಾಸ್ಫರಸ್‌ನ ಎರಡು ಪಟ್ಟಾದರೂ ಇರಬೇಕು.

ತಟ್ಟೆಯ ಸೊಪ್ಪು ಸರಿ ಇಲ್ಲದಿದ್ದರೆ ಇದೆಲ್ಲಾ ಮಾಡಿಯೂ ಪ್ರಯೋಜನ ಇಲ್ಲ. ನಾನು ಶುರುವಿನಲ್ಲಿ ದಿನಾ ಪಾಲಕ್ ಹಾಕುತ್ತಿದ್ದೆ, ಮನೆಗೆ ಹೇಗೂ ತರುತ್ತಿದ್ದೆನಲ್ಲ. ಪಾಲಕ್‌ನಲ್ಲಿರುವ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡುಬಿಡುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಈಗ ಹಿತ್ತಿಲಿನ ಡ್ಯಾಂಡಿಲಿಯನ್ ಅನ್ನುವ ಹಳದಿ ಹೂವಿನ ಕಳೆ ಗಿಡದ ಎಲೆ ಹೂವು, ಮುಳ್ಳು ತೆಗೆದ ಪಾಪಾಸುಕಳ್ಳಿ ಸಿಕ್ಕಿದರೆ ಅದು. ಎರಡರಲ್ಲೂ ಕ್ಯಾಲ್ಸಿಯಂ ಚೆನ್ನಾಗಿದೆ.

ಇನ್ನು ಬಿಸಿಲು. ಹೊಟ್ಟೆಗೆ ಹೋದ ಕ್ಯಾಲ್ಸಿಯಂ ರಕ್ತಕ್ಕೆ ಸೇರಬೇಕಾದರೆ ವಿಟಮಿನ್ ಡಿ3 ಬೇಕು, ಅದು ತಯಾರಾಗಲು ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ ಬೇಕು. ಕಿಟಕಿ ಗಾಜಿನ ಹಿಂದೆ ಬಿಸಿಲಿಗೆ ಇಟ್ಟರೆ ಸಾಕು ಅಂದುಕೊಂಡವರು ಇಲ್ಲಿ ತುಂಬಾ ಜನ. ಆದರೆ ಗಾಜು ಯುವಿಬಿಯನ್ನು ತಡೆಯುತ್ತದೆ. ಯುವಿಬಿ ಟ್ಯೂಬ್ ಹಾಕಿಸಿ, ಕಣ್ಣಿಗೆ ಬೆಳಕು ಕಂಡರೂ ಕಾಲ ಕಳೆದಂತೆ ಅದರ ಯುವಿಬಿ ಕಡಿಮೆಯಾಗುತ್ತದೆ, ತಯಾರಕರು ಹೇಳಿದ ಅವಧಿಗೆ ಬದಲಿಸಿ. ಇದಿಲ್ಲದೆ ಎಷ್ಟು ಕಟಲ್‌ಬೋನ್ ತಿಂದರೂ ಚಿಪ್ಪು ಮೆತ್ತಗಾಗಿ ಕಾಲೆಲುಬು ಸೊಟ್ಟಗಾದ ಆಮೆಗಳ ಫೋಟೊ ನೋಡಿದರೆ ಹೊಟ್ಟೆ ಉರಿಯುತ್ತದೆ, ಪಾಪ, ಅವುಗಳದ್ದೇನು ತಪ್ಪು ಹೇಳಿ.

ಕೊರತೆಗಳೂ ಇವೆ. ಆರರ ಪ್ಯಾಕ್‌ನಲ್ಲಿ ಎರಡು ಮುರಿದೇ ಬಂದಿದ್ದವು. ಶುರುವಿನಲ್ಲಿ ಮೀನಿನ ವಾಸನೆ ಇರುತ್ತದೆ. ಒದ್ದೆಯಾದರೆ ಬೂಸ್ಟು ಹಿಡಿಯುತ್ತದೆ, ನೀರಿನ ತಟ್ಟೆಯಿಂದ ದೂರ ಇಡಿ. ಬಿಡಿಯಾಗಿ ಕೊಂಡರೆ ಒಂದಕ್ಕೆ ಎರಡು ಪೌಂಡ್ ಆಸುಪಾಸು, ಪ್ಯಾಕ್‌ನಲ್ಲಿ ಅರ್ಧಕ್ಕೂ ಕಡಿಮೆ ಬಿತ್ತು. ಒಂದು ತುಂಡು ಗುಂಡನಿಗೆ ಎರಡು ತಿಂಗಳು ಬರುತ್ತದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಲೋಹದ ಕ್ಲಿಪ್‌ಗೆ, ಅದರ ಬಗ್ಗೆ ಪ್ಯಾಕೆಟ್ ಮೇಲೆ ಒಂದು ಸಾಲಿನ ಎಚ್ಚರಿಕೆಯೂ ಇರಲಿಲ್ಲ.