ಮಲ್ಪೆಯ ಒಂದು ಫೈಬರ್ ವರ್ಕ್‌ಶಾಪ್: ಕೈ ಪಳಗಿದೆ, ತೂಕದ ಲೆಕ್ಕ ಸಡಿಲ

ಮಲ್ಪೆ ಬಂದರಿನ ಹತ್ತಿರದ ಈ ವರ್ಕ್‌ಶಾಪಿನಲ್ಲಿ ಗಾಜಿನ ನಾರಿಗೆ ರೆಸಿನ್ (ಗಟ್ಟಿಯಾಗುವ ಅಂಟುದ್ರವ) ಹಾಕಿ ಬೋಟಿನ ಇಂಜಿನ್ ಕವರ್, ನೀರಿನ ಟ್ಯಾಂಕಿ, ಮೀನಿನ ಸ್ಟೋರೇಜಿಗೆ ಮುಚ್ಚಳ ಮಾಡಿಕೊಡುತ್ತಾರೆ. ಅಚ್ಚಿನ ಕೆಲಸ ನಿಜಕ್ಕೂ ಚೆಂದ. ಮುಚ್ಚಳದ ಮೂಲೆಗಳಿಗೆ 8 ಮಿ.ಮೀ. ದುಂಡು, ಬದಿಗಳಿಗೆ 3 ಡಿಗ್ರಿ ಇಳಿಜಾರು ಕೊಟ್ಟಿದ್ದಾರೆ. ಮೂಲೆ ಚೂಪಾಗಿದ್ದರೆ ಮ್ಯಾಟ್ (ಗಾಜಿನ ನಾರಿನ ಹಾಸು) ಒತ್ತಿ ಕೂರುವುದಿಲ್ಲ. ಹೊರಮೈಯ ನಯವಾದ ರೆಸಿನ್ ಪದರವಾದ ಜೆಲ್‌ಕೋಟಿನ ಹಿಂದೆ ಗಾಳಿ ಉಳಿದು, ಏನಾದರೂ ತಾಗಿದ ಕೂಡಲೇ ಅಲ್ಲಿ ಚಕ್ಕೆ ಏಳುತ್ತದೆ. ಇಲ್ಲಿನ ಮುಚ್ಚಳವನ್ನು ನಾಣ್ಯದಿಂದ ತಟ್ಟಿ ನೋಡಿದರೆ ಮೂಲೆಯಲ್ಲೂ ನಡುವಿನಲ್ಲೂ ಒಂದೇ ಸದ್ದು.

ಎಡವುವುದು ಆರ್ಡರ್ ಬರೆದುಕೊಳ್ಳುವಾಗ. ‘4 ಎಂಎಂ ಫೈಬರ್’ ಎಂದಷ್ಟೇ ಬರೆದು, ಬಿಲ್ಲನ್ನು ಕೆ.ಜಿ. ಲೆಕ್ಕದಲ್ಲಿ ಮಾಡುತ್ತಾರೆ. ದಪ್ಪ ಬೇಕೆಂದರೆ ರೆಸಿನ್ ಸುರಿದರೂ ಬರುತ್ತದೆ. ಭಾರ ಹೊರುವುದು ಗಾಜಿನ ನಾರು. ಆದ್ದರಿಂದ ಪದರಗಳನ್ನೇ ಬರೆಸಿ: ಜೆಲ್‌ಕೋಟ್ 0.5 ಮಿ.ಮೀ., ನಂತರ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಎರಡು, 600 ಗ್ರಾಂನ ವೋವನ್ ರೋವಿಂಗ್ (ನೇಯ್ದ ಗಾಜಿನ ಬಟ್ಟೆ) ಒಂದು, ಮೇಲೆ ಮತ್ತೊಂದು 450ರ ಮ್ಯಾಟ್. ಒಂದು ಚದರ ಮೀಟರಿಗೆ ಗಾಜು 1.95 ಕೆ.ಜಿ. ಮ್ಯಾಟಿಗೆ ಅದರ ತೂಕದ ಸುಮಾರು 2.3 ಪಟ್ಟು, ರೋವಿಂಗಿಗೆ ಸಮತೂಕ ಎಂದು ಹಿಡಿದರೆ ರೆಸಿನ್ 3.7 ಕೆ.ಜಿ. ಜೆಲ್‌ಕೋಟ್ ಸೇರಿ 6.3 ಕೆ.ಜಿ. ಆಗಬೇಕು, ದಪ್ಪ ನಾಲ್ಕೂವರೆ ಮಿ.ಮೀ. ಹತ್ತಿರ. ಚದರ ಮೀಟರಿಗೆ ತಕ್ಕಡಿ 8 ಕೆ.ಜಿ. ತೋರಿಸಿದರೆ ಆ ಹೆಚ್ಚಳವೆಲ್ಲ ರೆಸಿನ್. ಅಂಥ ತುಂಡು ಬಿರುಕು ಬಿಡುವುದು ಬೇಗ. ಕೆ.ಜಿ. ಲೆಕ್ಕದ ಬಿಲ್ಲಿನಲ್ಲಿ ಆ ರೆಸಿನ್‌ಗೂ ನೀವೇ ದುಡ್ಡು ಕೊಟ್ಟಿರುತ್ತೀರಿ. ಇದು ಸರಿಯಲ್ಲ, ತುಂಡಿಗಿಷ್ಟು ಎಂದೇ ದರ ಮಾತಾಡಿ.

ಜನ ಹತ್ತಿ ನಿಲ್ಲುವ ಮುಚ್ಚಳಕ್ಕೆ ಪದರ ಹೆಚ್ಚಿಸುವುದಕ್ಕಿಂತ ಅಡಿಯಲ್ಲಿ ಟೊಪ್ಪಿಯಾಕಾರದ ಪಟ್ಟಿ ಹಾಕಿಸುವುದು ಮೇಲು. ಬಾಗದಂತೆ ತಡೆಯುವ ಶಕ್ತಿ ಎತ್ತರದ ಘನದಂತೆ (ಎತ್ತರ ಎರಡು ಪಟ್ಟಾದರೆ ಎಂಟು ಪಟ್ಟು) ಏರುತ್ತದೆ, ತೂಕ ಅಷ್ಟು ಏರುವುದಿಲ್ಲ. ಕೇಳಿದರೆ ಇಲ್ಲಿ ಅಚ್ಚುಕಟ್ಟಾಗಿ ಹಾಕಿಕೊಡುತ್ತಾರೆ.

ಕೇಳದಿದ್ದರೆ ಜಿಪಿ (ಜನರಲ್ ಪರ್ಪಸ್, ಸಾಮಾನ್ಯ ಬಳಕೆಯ) ರೆಸಿನ್ನನ್ನೇ ಬಳಸುತ್ತಾರೆ. ಐಸ್ ಕರಗಿದ ನೀರು ಸದಾ ನಿಲ್ಲುವ ಜಾಗಕ್ಕೆ ಅದು ಬೇಡ. ನೀರು ನಿಧಾನವಾಗಿ ಒಳಗಿಳಿದು ಜೆಲ್‌ಕೋಟಿನಡಿ ಗುಳ್ಳೆ ಏಳಿಸುತ್ತದೆ. ಜೆಲ್‌ಕೋಟ್, ಅದರ ಹಿಂದಿನ ಮೊದಲ ಪದರ, ಎರಡೂ ನೀರನ್ನು ಹೆಚ್ಚು ತಾಳುವ ಐಸೋಫ್ತಾಲಿಕ್ ರೆಸಿನ್‌ನಲ್ಲೇ ಆಗಲಿ ಎಂದು ಬರೆಸಿ.

ದೊಡ್ಡ ತೊಂದರೆ ಕಾಲದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ, ಎಲ್ಲರಿಗೂ ಫೈಬರ್ ಕೆಲಸ ಆಗಲೇ ಆಗಬೇಕು. ಅದೇ ನಮ್ಮ ಕರಾವಳಿಯಲ್ಲಿ ಗಾಳಿ ಒದ್ದೆಯಾಗಿರುವ ಹೊತ್ತು. ತೆರೆದಿಟ್ಟ ಮ್ಯಾಟ್ ತೇವ ಹೀರಿದರೆ ರೆಸಿನ್ ನಾರಿಗೆ ಸರಿಯಾಗಿ ಅಂಟದೆ ಹಾಲಿನಂಥ ಮಬ್ಬು ಉಳಿಯುತ್ತದೆ. ಇಲ್ಲಿ ಶೆಡ್ಡಿಗೆ ಛಾವಣಿ ಇದೆ, ಒಂದು ಬದಿಗೆ ಗೋಡೆಯಿಲ್ಲ. ಮ್ಯಾಟಿನ ರೋಲಿಗೆ ಪ್ಲಾಸ್ಟಿಕ್ ಹೊದಿಕೆಯೂ ಇಲ್ಲ. ಸಾಧ್ಯವಾದರೆ ಮುಚ್ಚಳದಂಥ ಬಿಡಿ ಭಾಗಗಳನ್ನು ಏಪ್ರಿಲ್‌ನಲ್ಲೇ ಮಾಡಿಸಿ.

ಮಳೆಯಲ್ಲಿ ಬೇಗ ಗಟ್ಟಿಯಾಗಲೆಂದು ಹಾರ್ಡನರನ್ನು ಅಂದಾಜಿನಲ್ಲಿ ಸುರಿಯುವುದು ಇನ್ನೊಂದು ಕೊರತೆ. ಕೆ.ಜಿ. ರೆಸಿನ್‌ಗೆ 10ರಿಂದ 20 ಗ್ರಾಂ, ಅಳೆದೇ ಹಾಕಬೇಕು. ಕಡಿಮೆಯಾದರೆ ಒಳಗೆ ಹಸಿ ಉಳಿಯುತ್ತದೆ, ಹೆಚ್ಚಾದರೆ ಬಿಸಿಯೇರಿ ಬಿರಿಯುತ್ತದೆ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರವವನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಇವೆರಡು ನೇರ ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಇಲ್ಲಿ ಎರಡೂ ಬಾಟಲಿ ಒಂದೇ ಶೆಲ್ಫಿನಲ್ಲಿವೆ. ಕೆಲಸದವರ ಜೀವದ ಪ್ರಶ್ನೆ ಇದು, ಇವತ್ತೇ ಬೇರೆ ಮಾಡಬೇಕು.

ತುಂಡು ತರುವ ಮೊದಲು ಗರಗಸ ಹಾಕಿದ ಅಂಚು, ಬೋಲ್ಟಿನ ತೂತುಗಳನ್ನು ನೋಡಿ. ನಾರು ಬರಿದಾಗಿ ಕಂಡರೆ ಅಲ್ಲೇ ರೆಸಿನ್ ಬಳಿಸಿ, ತೂಗಿಸಿ, ಆಮೇಲೆ ಹಣ ಕೊಡಿ.