ಎರಡು, ನಾಲ್ಕು, ಆರು ಇಲ್ಲದ ಕಾರು ಮತ್ತು ಚೆರ್ಕಳದ ವರ್ಕ್‌ಶಾಪು

ಚೆರ್ಕಳದಿಂದ ಬದಿಯಡ್ಕ ರಸ್ತೆಗೆ ತಿರುಗಿ ಸ್ವಲ್ಪ ಮುಂದೆ ಹೋದರೆ ಎಡಗಡೆ ತಗಡಿನ ಮಾಡಿನ ಒಂದು ವರ್ಕ್‌ಶಾಪು ಉಂಟು. ಬೋರ್ಡು ಮಲಯಾಳದಲ್ಲಿ ಮಾತ್ರ, ಅದರಲ್ಲೂ ಅರ್ಧ ಬಾಳೆಗಿಡದ ಮರೆಗೆ ಹೋಗಿದೆ. ಡ್ಯುಯಲ್ ಕ್ಲಚ್ ಗಿಯರ್‌ಬಾಕ್ಸ್ ಕೆಟ್ಟಿದೆ, ಎಲ್ಲಿಗೆ ಹೋಗುವುದು ಅಂತ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಯಾರು ಕೇಳಿದರೂ ನಾನು ಕಳಿಸುವುದು ಇಲ್ಲಿಗೆ. ಹೆಸರು ಹಾಕುತ್ತಿದ್ದೆ, ಆದರೆ "ಬೇಡ ಟೀಚರೇ, ಈಗಲೇ ಕಾರು ನಿಲ್ಲಿಸ್ಲಿಕ್ಕೆ ಜಾಗ ಇಲ್ಲ" ಅಂತ ಯಜಮಾನರು ತಡೆದರು. ನಾನು ಅವರನ್ನು ಇಕ್ಕ, ಅಂದರೆ ಅಣ್ಣ, ಅಂತ ಕರೆಯುವುದು, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಕಾರು ನನ್ನದಲ್ಲ, ಅಬುಧಾಬಿಯಲ್ಲಿರುವ ಮಗನದ್ದು. ಸೆಕೆಂಡ್ ಹ್ಯಾಂಡ್, ಕೆಎಲ್-14 ನಂಬರಿನದ್ದು, ಎರಡೇ ಬಾಗಿಲು, ಹಿಂದಿನ ಸೀಟಿನಲ್ಲಿ ಒಂದು ಗೋಣಿ ಹಿಂಡಿ ಇಡಲಿಕ್ಕೂ ಜಾಗ ಇಲ್ಲ. ಅವನು ರಜೆಯಲ್ಲಿ ಬರುವವರೆಗೆ ಅದನ್ನು ಆಗಾಗ ಓಡಿಸಿ ಬ್ಯಾಟರಿ ಸಾಯದ ಹಾಗೆ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ. ಪೆರ್ಲದಿಂದ ಬದಿಯಡ್ಕಕ್ಕೆ ಅದರಲ್ಲಿ ಹೋಗಿ ತೊಂಡೆಕಾಯಿ ತರುವುದನ್ನು ಕಂಡು ಜನ ನಗುತ್ತಾರೆ. ನಗಲಿ, ನನಗೆ ಅದನ್ನು ಓಡಿಸುವುದು ಇಷ್ಟ.

ಕಾಯಿಲೆಯ ಲಕ್ಷಣ ಹೀಗಿತ್ತು. ಬೆಳಿಗ್ಗೆ ತಣ್ಣಗಿರುವಾಗ ಏನೂ ತೊಂದರೆ ಇಲ್ಲ. ಸ್ವಲ್ಪ ದೂರ ಓಡಿ ಬಿಸಿಯಾದ ಮೇಲೆ ಮೀಟರಿನ ಹತ್ತಿರ ಗಿಯರಿನ ಅಕ್ಷರಗಳು ಮಿಣುಕಲು ಶುರು. ಆಮೇಲೆ ಒಂದನೇ ಗಿಯರಿನಿಂದ ಕಾರು ಸೀದಾ ಮೂರಕ್ಕೆ ಹಾರುತ್ತಿತ್ತು. ಅದರ ಮೇಲೆ ಹೋಗುತ್ತಿರಲಿಲ್ಲ. ಎರಡು, ನಾಲ್ಕು, ಆರು ಪತ್ತೆಯೇ ಇಲ್ಲ. ರಿವರ್ಸ್ ಮಾತ್ರ ಚೆನ್ನಾಗಿ ಬೀಳುತ್ತಿತ್ತು.

ಮೊದಲು ಹೋದದ್ದು ದೊಡ್ಡ ಊರಿನ ಒಂದು ಸರ್ವಿಸ್ ಸೆಂಟರಿಗೆ. ತಂಪು ಕೋಣೆ, ಒಳ್ಳೆಯ ಕಾಫಿ. ಕಂಪ್ಯೂಟರ್ ಜೋಡಿಸಿ ಕಾರಿನಲ್ಲಿ ದಾಖಲಾದ ದೋಷದ ಕೋಡು ಓದಿದರು, ಮೆಕಾಟ್ರಾನಿಕ್ (ಗಿಯರು ಬದಲಿಸುವ ವಾಲ್ವುಗಳೂ ಎಲೆಕ್ಟ್ರಾನಿಕ್ ಬೋರ್ಡೂ ಸೇರಿದ ಭಾಗ) ಪೂರ್ತಿ ಬದಲಿಸಬೇಕು, ಮೂರೂವರೆ ಲಕ್ಷ ಆಗುತ್ತದೆ, ಅದರಲ್ಲಿಯೂ ಸರಿಯಾಗದಿದ್ದರೆ ಗಿಯರ್‌ಬಾಕ್ಸೇ ಹೊಸತು ಹಾಕುವ ಅಂದರು. ಮೂರೂವರೆ ಲಕ್ಷಕ್ಕಿಂತ "ಸರಿಯಾಗದಿದ್ದರೆ" ಅನ್ನುವ ಆ ಮಾತಿಗೆ ನಾನು ಕೀ ವಾಪಸ್ ಕೇಳಿದ್ದು. ಏನು ಕೆಟ್ಟಿದೆ ಅಂತ ಗೊತ್ತಿಲ್ಲದೆ ಅಷ್ಟು ದುಡ್ಡಿನ ಸಾಮಾನು ಹಾಕುವುದಾದರೆ ಆ ಕಂಪ್ಯೂಟರ್ ಯಾಕೆ?

ಇಕ್ಕ ಬಾನೆಟ್ಟು ಎತ್ತುವ ಮೊದಲು ಪ್ರಶ್ನೆ ಕೇಳಿದರು. ತಣ್ಣಗಿರುವಾಗಲೂ ಹೀಗೆಯಾ? ಏರು ಹತ್ತುವಾಗ ಹೆಚ್ಚಾಗ್ತದಾ? ನಿಂತಲ್ಲಿ ಇಂಜಿನ್ ಓಡುವಾಗ ಕಟಕಟ ಶಬ್ದ ಉಂಟಾ? ಗಿಯರ್ ಎಣ್ಣೆ ಕೊನೆಗೆ ಬದಲಿಸಿದ್ದು ಯಾವಾಗ? ಕಡೆಯ ಪ್ರಶ್ನೆ: ರಿವರ್ಸ್ ಬೀಳ್ತದಾ? ಬೀಳುತ್ತದೆ ಅಂದೆ. "ಹಾಗಾದ್ರೆ ಕೆ-ಒನ್ ಬದಿ ಬಿಡುವ" ಅಂದರು.

ಆ ಒಂದು ವಾಕ್ಯದಲ್ಲಿ ಅವರ ಕೆಲಸದ ಮಟ್ಟ ನನಗೆ ಗೊತ್ತಾಯಿತು. ಯಾಕೆ ಅಂತ ಹೇಳಬೇಕಾದರೆ ಒಳಗೆ ಏನುಂಟು ಅಂತ ಹೇಳಬೇಕು. ಡ್ಯುಯಲ್ ಕ್ಲಚ್ ಅಂದರೆ ಒಂದೇ ಪೆಟ್ಟಿಗೆಯೊಳಗೆ ಎರಡು ಅರ್ಧ ಗಿಯರ್‌ಬಾಕ್ಸು. ಎರಡು ಇನ್‌ಪುಟ್ ಶಾಫ್ಟು, ಒಂದು ಟೊಳ್ಳು, ಅದರ ಒಳಗಿನಿಂದ ಇನ್ನೊಂದು. ಒಂದರ ಮೇಲೆ ಬೆಸ ಗಿಯರು, ಇನ್ನೊಂದರ ಮೇಲೆ ಸಮ ಗಿಯರು, ಒಂದೊಂದಕ್ಕೆ ಒಂದೊಂದು ಕ್ಲಚ್ಚು. ಮೂರರಲ್ಲಿ ಓಡುತ್ತಿರುವಾಗಲೇ ನಾಲ್ಕು ಆಚೆ ಶಾಫ್ಟಿನಲ್ಲಿ ಕೂತು ಕಾಯುತ್ತಿರುತ್ತದೆ. ಒಂದು ಕ್ಲಚ್ಚು ಬಿಡುತ್ತಾ ಬರುವಾಗ ಇನ್ನೊಂದು ಹಿಡಿಯುತ್ತದೆ, ನಡುವೆ ಎಳೆತ ತಪ್ಪುವುದಿಲ್ಲ. ಸ್ಪೋರ್ಟ್ಸ್ ಕಾರಿನವರು ಇದಕ್ಕೆ ಮರುಳಾಗುವುದು ಅದಕ್ಕೇ. ಪೋರ್ಷೆಯವರು 1980ರ ದಶಕದಲ್ಲೇ ರೇಸ್ ಕಾರಿನಲ್ಲಿ ಇದನ್ನು ಓಡಿಸಿದ್ದರು. ರಸ್ತೆಯಲ್ಲಿ ಓಡುವ ಕಾರಿಗೆ ಬಂದದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32ರಲ್ಲಿ. ಆ ಆರು ಗಿಯರಿನ ಪೆಟ್ಟಿಗೆಯ ಹೆಸರು ಡಿಕ್ಯೂ250. ನಮ್ಮ ಕಾರಿನಲ್ಲಿರುವುದೂ ಅದೇ ಜಾತಿ.

ಈಗ ರಿವರ್ಸಿನ ಪ್ರಶ್ನೆಗೆ ಬರುವ. ಡಿಕ್ಯೂ250ರಲ್ಲಿ ಒಂದು, ಮೂರು, ಐದರ ಜೊತೆ ರಿವರ್ಸ್ ಕೂಡ ಮೊದಲನೆಯ ಕ್ಲಚ್ಚಿನ ಪಾಲಿಗೆ. ಅದನ್ನೇ ಕೆ-ಒನ್ ಅನ್ನುವುದು. ಎರಡು, ನಾಲ್ಕು, ಆರು ಮಾತ್ರ ಕೆ-ಟೂ. ಅದೇ ಕಂಪನಿಯ ಏಳು ಗಿಯರಿನ ಡಿಕ್ಯೂ200ರಲ್ಲಿ ರಿವರ್ಸ್ ಇರುವುದು ಸಮ ಗಿಯರುಗಳ ಜೊತೆ, ಕೆ-ಟೂ ಬದಿಯಲ್ಲಿ. ಹಾಗಾಗಿ "ರಿವರ್ಸ್ ಉಂಟು, ಎರಡಿಲ್ಲ" ಅನ್ನುವ ಒಂದೇ ದೂರಿಗೆ ಎರಡು ಪೆಟ್ಟಿಗೆಯಲ್ಲಿ ಎರಡು ಅರ್ಥ. ಇದು ತಲೆಯಲ್ಲಿ ಇಲ್ಲದ ಮೆಕ್ಯಾನಿಕ್ಕಿಗೆ ಯಾವ ಸ್ಕ್ಯಾನರ್ ಕೊಟ್ಟೂ ಪ್ರಯೋಜನ ಇಲ್ಲ.

ಆಮೇಲೆ ಲ್ಯಾಪ್‌ಟಾಪ್ ಹಿಡಿದು ಒಬ್ಬ ಹುಡುಗ ಪಕ್ಕದ ಸೀಟಿನಲ್ಲಿ ಕೂತ, ಇಕ್ಕ ಬದಿಯಡ್ಕ ರಸ್ತೆಯ ಏರಿನಲ್ಲಿ ಕಾರು ಬಿಸಿ ಮಾಡಿದರು. ಹಿಂದಿನ ಸೀಟಿನಲ್ಲಿ ಮಡಚಿಕೊಂಡು ಕೂತದ್ದು ನಾನು, ನನ್ನ ಮೊಣಕಾಲಿಗೆ ಅದು ಇನ್ನೂ ನೆನಪುಂಟು. ಎಣ್ಣೆಯ ಬಿಸಿ ಏರಿದ ಹಾಗೆ ಕೆ-ಟೂ ಕ್ಲಚ್ಚನ್ನು ಒತ್ತಿ ಹಿಡಿಸಲು ಕಂಪ್ಯೂಟರ್ ಕೇಳಿದ ಎಣ್ಣೆಯ ಒತ್ತಡ ಒಂದು, ಸೆನ್ಸರು ತೋರಿಸಿದ್ದು ಇನ್ನೊಂದು. ಕೆ-ಒನ್‌ನಲ್ಲಿ ಎರಡೂ ಜೊತೆಜೊತೆಗೆ ಹೋಗುತ್ತಿದ್ದವು.

ಒತ್ತಡ ಬಾರದಿರಲು ಕಾರಣ ಮೂರು ಇರಬಹುದು. ಕ್ಲಚ್ಚಿಗೆ ಒತ್ತಡ ಕಳಿಸುವ ವಾಲ್ವು ಅಂಟಿಕೊಂಡಿರಬಹುದು, ಕ್ಲಚ್ಚಿನ ಒಳಗಿನ ಸೀಲು ಸೋರುತ್ತಿರಬಹುದು, ಇಲ್ಲವೇ ಎಲೆಕ್ಟ್ರಾನಿಕ್ ಬೋರ್ಡೇ ಹೋಗಿರಬಹುದು. ಮೊದಲನೆಯದಾದರೆ ಸಾವಿರದ ಲೆಕ್ಕ, ಉಳಿದೆರಡಾದರೆ ಲಕ್ಷದ ಲೆಕ್ಕ. ಇಕ್ಕ ಮಾಡಿದ್ದು ಇಷ್ಟೇ: ಕೆ-ಒನ್‌ನ ವಾಲ್ವು ಎನ್215, ಕೆ-ಟೂನ ವಾಲ್ವು ಎನ್216, ಎರಡೂ ಒಂದೇ ಮಾದರಿ. ಅವನ್ನು ಅದಲುಬದಲು ಮಾಡಿ ಹಾಕಿದರು. ದೂರು ಜಾಗ ಬದಲಿಸಿದರೆ ತಪ್ಪು ವಾಲ್ವಿನದ್ದು, ಇದ್ದಲ್ಲೇ ಇದ್ದರೆ ಮುಂದೆ ಹುಡುಕಬೇಕು. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಅಂತ ಎಂಟನೇ ಕ್ಲಾಸಿನವರಿಗೆ ವರ್ಷವರ್ಷವೂ ಹೇಳಿ ಗಂಟಲು ಒಣಗಿಸಿಕೊಂಡವಳು ನಾನು. ಗ್ರೀಸು ಮೆತ್ತಿದ ಕೈಯಲ್ಲಿ ಅದನ್ನೇ ಮಾಡುವವರನ್ನು ಕಂಡಾಗ ಚಪ್ಪಾಳೆ ತಟ್ಟುವ ಅನ್ನಿಸಿತು.

ಈ ಪೆಟ್ಟಿಗೆಯ ಒಂದು ಅನುಕೂಲ ಏನೆಂದರೆ ಮೆಕಾಟ್ರಾನಿಕ್ ತೆಗೆಯಲು ಗಿಯರ್‌ಬಾಕ್ಸ್ ಕೆಳಗಿಳಿಸಬೇಕಾಗಿಲ್ಲ. ಎಣ್ಣೆ ಇಳಿಸಿ, ಮುಂಬದಿಯ ಮುಚ್ಚಳ ಬಿಚ್ಚಿ ಹೊರಗೆ ಎಳೆಯಬಹುದು. ವರ್ಕ್‌ಶಾಪಿನ ಹೊರಗೆಲ್ಲ ಕೆಂಪು ಧೂಳು, ಆದರೆ ಈ ಕೆಲಸಕ್ಕೆ ಅಂತ ಗಾಜಿನ ಒಂದು ಸಣ್ಣ ಕೋಣೆ ಮಾಡಿಕೊಂಡಿದ್ದಾರೆ, ಎಸಿ ಸಹಿತ. ಒಳಗೆ ಹೋಗುವ ಹುಡುಗ ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಳ್ಳಬೇಕು, ಕನೆಕ್ಟರಿನ ಪಿನ್ನು ಬರಿಗೈಯಲ್ಲಿ ಮುಟ್ಟಬಾರದು. ಮೈಯಲ್ಲಿರುವ ಸ್ಥಾಯೀ ವಿದ್ಯುತ್ತು ತಾಗಿದರೆ ಬೋರ್ಡು ಹೋಯಿತು ಅಂತಲೇ ಲೆಕ್ಕ. ಇಳಿದ ಎಣ್ಣೆಯನ್ನು ನನಗೂ ತೋರಿಸಿದರು, ಕಾಡಿಗೆ ಕಲಸಿದ ಹಾಗಿತ್ತು. ಡಿಕ್ಯೂ250ರಲ್ಲಿ ಗಿಯರಿಗೆ, ಕ್ಲಚ್ಚಿಗೆ, ವಾಲ್ವಿಗೆ ಎಲ್ಲದಕ್ಕೂ ಒಂದೇ ಎಣ್ಣೆ. ಕ್ಲಚ್ಚು ಸವೆದ ಪುಡಿ ವಾಲ್ವಿನ ಹತ್ತಿರವೇ ಸುತ್ತುತ್ತದೆ. 60,000 ಕಿಲೋಮೀಟರಿಗೊಮ್ಮೆ ಎಣ್ಣೆ, ಫಿಲ್ಟರ್ ಎರಡೂ ಬದಲಿಸಬೇಕು ಅಂತ ಇರುವುದು ಅದಕ್ಕೇ. ಹಿಂದಿನ ಮಾಲೀಕರ ಸರ್ವಿಸ್ ಪುಸ್ತಕದಲ್ಲಿ ಆ ಸಾಲು ಖಾಲಿ.

ಅದಲುಬದಲು ಆದ ಮೇಲೆ ಕಾರು ಮತ್ತೆ ಬಿಸಿಯಾಯಿತು. ಈ ಸಲ ಹೊರಟದ್ದು ಎರಡನೇ ಗಿಯರಿನಲ್ಲಿ, ಅದು ಬಿಟ್ಟು ಬೇರೆ ಇಲ್ಲ. ರಿವರ್ಸೂ ಇಲ್ಲ. ವರ್ಕ್‌ಶಾಪಿನ ಎದುರು ಸಿಕ್ಕಿಹಾಕಿಕೊಂಡ ಕಾರನ್ನು ಹುಡುಗರು ಕೈಯಲ್ಲೇ ಹಿಂದಕ್ಕೆ ತಳ್ಳಿದರು. ಇಷ್ಟು ಖುಷಿಯಲ್ಲಿ ಯಾರೂ ಕೆಟ್ಟ ಕಾರು ತಳ್ಳಿದ್ದನ್ನು ನಾನು ಕಂಡಿಲ್ಲ. ಕಳ್ಳ ಸಿಕ್ಕಿದ್ದ.

ಹೊಸ ವಾಲ್ವು ಕೊಚ್ಚಿಯಿಂದ ಬಂತು. ಎಣ್ಣೆ ತುಂಬಿಸುವುದನ್ನು ನಾನು ನಿಂತು ನೋಡಿದೆ, ನೀವೂ ನೋಡಿ. ಈ ಪೆಟ್ಟಿಗೆಗೆ ಎಣ್ಣೆಯ ಮಟ್ಟ ನೋಡಬೇಕಾದದ್ದು ಇಂಜಿನ್ ಓಡುತ್ತಿರುವಾಗ, ಎಣ್ಣೆ 35ರಿಂದ 45 ಡಿಗ್ರಿ ಇರುವಾಗ. ಕೆಳಗಿನ ತೂತಿನಿಂದ ಹೆಚ್ಚಾದದ್ದು ಹನಿಹನಿಯಾಗಿ ಇಳಿದು ನಿಲ್ಲಬೇಕು. ಲೀಟರ್ ಲೆಕ್ಕದಲ್ಲಿ ಸುರಿದು ಬೋಲ್ಟು ಬಿಗಿಯುವ ಗ್ಯಾರೇಜಾದರೆ ಅಲ್ಲಿಂದ ಕಾರು ತೆಗೆದುಕೊಂಡು ಬನ್ನಿ. ಆಮೇಲೆ ಕಂಪ್ಯೂಟರಿಗೆ ಕ್ಲಚ್ಚು ಎಲ್ಲಿ ಹಿಡಿಯುತ್ತದೆ ಅಂತ ಹೊಸತಾಗಿ ಕಲಿಸುವ ಅಡಾಪ್ಟೇಶನ್, ಮತ್ತೆ ರಸ್ತೆಯಲ್ಲಿ ಓಡಿಸಿ ನೋಡುವುದು. ಬಿಲ್ಲು 46,800 ರೂಪಾಯಿ. ಅದರಲ್ಲಿ 3,000 ರೋಗಪತ್ತೆಗೆ ಅಂತ ಬೇರೆಯೇ ಬರೆದಿದ್ದರು. "ನೋಡಲಿಕ್ಕೆ ದುಡ್ಡಾ" ಅಂತ ನನ್ನ ಎದುರೇ ಒಬ್ಬರು ಜಗಳ ಮಾಡಿ ಹೋದರು. ನನ್ನ ಪ್ರಕಾರ ಇಡೀ ಬಿಲ್ಲಿನಲ್ಲಿ ಅತಿ ಅಗ್ಗದ ಸಾಲು ಅದು. ತೆಗೆದ ವಾಲ್ವನ್ನು ಕವರಿನಲ್ಲಿ ಹಾಕಿ ಕೈಗೆ ಕೊಟ್ಟರು.

ಇನ್ನು ಕಿರಿಕಿರಿ. ಹೇಳಿದ ದಿನಕ್ಕೆ ಕಾರು ಸಿಗುವುದಿಲ್ಲ. ಫೋನು ಎತ್ತುವುದೇ ಇಲ್ಲ, ಎತ್ತಿದರೆ "ನಾಳೆ ಟೀಚರೇ". ಕೂರಲಿಕ್ಕೆ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲು ಸೀಳಿದೆ. ಹೆಂಗಸರಿಗೆ ಶೌಚಾಲಯ ಇಲ್ಲ, ಇದನ್ನು ನಾನು ಇಕ್ಕನ ಮುಖಕ್ಕೇ ಹೇಳಿದ್ದೇನೆ. ಮಳೆಗಾಲದಲ್ಲಿ ತಗಡಿನ ಶಬ್ದಕ್ಕೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ, ಅಂಗಳದ ಕೆಸರು ಚಪ್ಪಲಿ ಬಿಡುವುದಿಲ್ಲ. ಮತ್ತೆ, ಎಲ್ಲ ಕೆಲಸವನ್ನೂ ಅವರು ಹಿಡಿಯುವುದಿಲ್ಲ. ನಾನಿದ್ದಾಗಲೇ ಒಬ್ಬರು ಪೋರ್ಷೆ ತಂದರು. ಕೋಡು ಓದಿ ಕೊಡ್ತೇನೆ, ಎಣ್ಣೆ ಬದಲಿಸ್ತೇನೆ, ಪಿಡಿಕೆ (ಪೋರ್ಷೆಯವರ ಡ್ಯುಯಲ್ ಕ್ಲಚ್ ಪೆಟ್ಟಿಗೆ) ಬಿಚ್ಚುವ ಉಪಕರಣ ನನ್ನ ಹತ್ತಿರ ಇಲ್ಲ ಅಂತ ವಾಪಸ್ ಕಳಿಸಿದರು. ಬಂದವರಿಗೆ ಬೇಸರ, ನನಗೆ ಧೈರ್ಯ ಬಂತು.

ಡ್ರೈ ಕ್ಲಚ್ಚಿನ ಡಿಕ್ಯೂ200 ಇರುವವರಿಗೆ ಇಕ್ಕನ ಹತ್ತಿರ ಬೇರೆಯೇ ಉಪದೇಶ ಉಂಟು. ಅದರ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ಅರ್ಧ ಹಿಡಿದು ತೆವಳಿಸಿದರೆ ಬಿಸಿ ಹೋಗಲು ದಾರಿ ಇಲ್ಲ. ಹೆದ್ದಾರಿ ಆರು ಲೇನ್ ಮಾಡುತ್ತಿದ್ದಾಗ ತಲಪ್ಪಾಡಿಯಿಂದ ಈಚೆಗೆ ಸರ್ವಿಸ್ ರಸ್ತೆಯಲ್ಲಿ ನಾವೆಲ್ಲ ತೆವಳಿದೆವಲ್ಲ, ಆ ಕಾಲದಲ್ಲಿ ನಡುಗುವ ಕಾರುಗಳು ಸಾಲುಗಟ್ಟಿ ಬಂದವಂತೆ. ಮುಂದಿನ ವಾಹನ ಸ್ವಲ್ಪ ದೂರ ಹೋಗಲಿ, ಆಮೇಲೆ ಸರಿಯಾಗಿ ಹೊರಡಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಹಿಡಿಯಿರಿ. ಹಳೆಯ ಡಿಕ್ಯೂ200 ಬಂದರೆ ಅದರ ಮೆಕಾಟ್ರಾನಿಕ್ ಎಣ್ಣೆಯ ಚರಿತ್ರೆಯನ್ನೂ ಅವರು ಕೇಳುತ್ತಾರೆ. ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ಹಾಕಲು ಕಂಪನಿಯೇ 2013ರಲ್ಲಿ ಲೋಕದಾದ್ಯಂತ 16 ಲಕ್ಷ ಕಾರುಗಳನ್ನು ವಾಪಸ್ ಕರೆದಿತ್ತು.

ನಿಂತಲ್ಲಿ ಕಟಕಟ ಶಬ್ದ ಬರುವವರು ಗಿಯರ್‌ಬಾಕ್ಸ್ ಹೋಯಿತು ಅಂತ ಹೆದರಬೇಡಿ. ಎಷ್ಟೋ ಸಲ ಅದು ಇಂಜಿನ್ನಿನ ಅದುರುವಿಕೆ ಪೆಟ್ಟಿಗೆಗೆ ದಾಟದ ಹಾಗೆ ನಡುವೆ ಇರುವ ಚಕ್ರದ, ಅಂದರೆ ಡ್ಯುಯಲ್ ಮಾಸ್ ಫ್ಲೈವೀಲಿನ ಶಬ್ದ. ಆ ಖರ್ಚೂ ಸಣ್ಣದಲ್ಲ, ಆದರೆ ಬೇರೆ ಕಾಯಿಲೆ.

ಹೋಗುವುದಾದರೆ ಫೋನು ಮಾಡುತ್ತಾ ಕೂರಬೇಡಿ, ಸೀದಾ ಹೋಗಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಬೇಡ. ಬೆಳಿಗ್ಗೆ ಬೇಗ ಹೋದರೆ ತಣ್ಣಗಿನ ಕಾರಿನ ಪರೀಕ್ಷೆಯೂ ಬಿಸಿಯಾದ ಮೇಲಿನ ಪರೀಕ್ಷೆಯೂ ಒಂದೇ ದಿನ ಮುಗಿಯುತ್ತದೆ. ಸರ್ವಿಸ್ ಪುಸ್ತಕ ಮರೆಯಬೇಡಿ. ದಾರಿಯಲ್ಲಿ ಸಿಕ್ಕಿದವರ ಹತ್ತಿರ ಕೋಡು ಅಳಿಸಿಕೊಂಡು ಹೋಗಬೇಡಿ, ಹಾಗೆ ಬಂದವರಿಗೆ ಇಕ್ಕ ಮಲಯಾಳದಲ್ಲಿ ಬೈಯುತ್ತಾರೆ.